ಗರ್ಭಕಂಠ ಕ್ಯಾನ್ಸರ್ ತಪಾಸಣೆ: ಕಂಪ್ಯೂಟರ್ ಅಗ್ಗವೇ?

ಗರ್ಭಕಂಠ ಕ್ಯಾನ್ಸರ್‌ಗೆ ಮುಖ್ಯ ಕಾರಣ ಎಚ್‌ಪಿವಿ ವೈರಸ್. ಸುಮಾರು ಶೇ 70ರಷ್ಟು ಪ್ರಕರಣಗಳಿಗೆ 16 ಮತ್ತು 18ನೇ ಮಾದರಿಗಳೇ ಹೊಣೆ. ಕೇಂದ್ರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರಿಗೆ 5 ವರ್ಷಕ್ಕೊಮ್ಮೆ ವಿಐಎ (ಅಸೆಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ) ತಪಾಸಣೆ. ದಿನಸಿ ಅಂಗಡಿಯಲ್ಲಿ ಸಿಗುವ ವಿನೆಗರ್‌ನ ಹುಳಿ ಅಸೆಟಿಕ್ ಆಮ್ಲದ್ದು. ವಿಐಎಯಲ್ಲೂ ಅದೇ ಆಮ್ಲ. ಅದರ ಶೇ 3–5ರ ದ್ರಾವಣವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದರೆ ಅಸಹಜ ಭಾಗ ಬೆಳ್ಳಗಾಗುತ್ತದೆ. ಖರ್ಚು ಅತ್ಯಲ್ಪ, ಆದರೆ ಫಲಿತಾಂಶ ನೋಡುವವರ ತರಬೇತಿಯನ್ನೇ ಅವಲಂಬಿಸಿದೆ.

ಇನ್ನೊಂದು ವಿಧಾನವಾದ ಪ್ಯಾಪ್ ಪರೀಕ್ಷೆಯಲ್ಲಿ ಗರ್ಭಕಂಠದ ಕೋಶಗಳ ಸ್ಲೈಡ್ ಓದಲು ಕೋಶತಜ್ಞರು ಬೇಕು. ಅವರ ಕೊರತೆಯಿದ್ದಲ್ಲೇ ಕಂಪ್ಯೂಟರಿಗೆ ಕೆಲಸ: ಸ್ಲೈಡ್ ಸ್ಕ್ಯಾನ್ ಮಾಡಿ, ಅನುಮಾನದ ಕೋಶಗಳನ್ನಷ್ಟೇ ತಜ್ಞರ ಮುಂದಿಡುತ್ತದೆ. ಬೆಂಗಳೂರಿನ ಐಂದ್ರ ಕಂಪನಿಯ ಸರ್ವಾಸ್ತ್ರ ಈ ಬಗೆಯದು.

ಯಂತ್ರ ಬಂದ ಮಾತ್ರಕ್ಕೆ ಲಾಭವಿಲ್ಲ. ಬ್ರಿಟನ್ನಿನ ಮ್ಯಾವರಿಕ್ ಅಧ್ಯಯನದಲ್ಲಿ (2011) ಯಂತ್ರದ ನೆರವಿನ ಓದು ಸಮಯ ಉಳಿಸಿತು. ಆದರೆ ರೋಗ ಪತ್ತೆಯಲ್ಲಿ ಶೇ 8ರಷ್ಟು ಹಿಂದುಳಿಯಿತು. ಸ್ಲೈಡ್ ಓದಿಗೆ ಪರ್ಯಾಯವೂ ಇದೆ: ಮಹಾರಾಷ್ಟ್ರದ ಉಸ್ಮಾನಾಬಾದ್ ಅಧ್ಯಯನದಲ್ಲಿ (2009) ಒಂದೇ ಸಲದ ಎಚ್‌ಪಿವಿ ಪರೀಕ್ಷೆಯಿಂದ ಸಾವು ಸುಮಾರು ಅರ್ಧಕ್ಕಿಳಿಯಿತು. ಕಂಪ್ಯೂಟರ್ ಅಗ್ಗವೇ ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಯಂತ್ರದ ಬೆಲೆಯೊಂದನ್ನೇ ಹೇಳಬೇಡಿ. ತಪ್ಪಿದ ಪ್ರಕರಣ, ಮರುಭೇಟಿಯ ಖರ್ಚನ್ನೂ ಸೇರಿಸಿ.

ನೆನಪಿಡಿ: ವಿಶ್ವ ಆರೋಗ್ಯ ಸಂಸ್ಥೆಯ 2030ರ ಗುರಿ 90-70-90, ನಡುವಿನ 70 ತಪಾಸಣೆಯದು.