ಸಿಗದ ಕೆಲಸದ ಸಿಟ್ಟು

ಮಗಳೇ,

ಹೈಸ್ಕೂಲಿಗೆ ಅತಿಥಿ ಶಿಕ್ಷಕಿಯಾಗಿ ಸೇರಿದೆಯಂತೆ. ‘ಬೇರೆಲ್ಲೂ ಆಗಲಿಲ್ಲ, ಅದಕ್ಕೇ’ ಅಂತ ನಿಮ್ಮಪ್ಪನ ಹತ್ತಿರ ಅಂದೆಯಂತೆ. ಅದನ್ನು ಕೇಳಿದಾಗ ನನಗೆ ನೆನಪಾದವರು ಇ. ಆರ್. ಬ್ರೇತ್‌ವೇಟ್. ‘ಟು ಸರ್, ವಿತ್ ಲವ್’ ಅಂತ 1967ರ ಸಿನಿಮಾ ಇದೆಯಲ್ಲ, ಅದಕ್ಕೆ ಮೂಲವಾದ 1959ರ ಪುಸ್ತಕ ಬರೆದವರು. ಅದರಲ್ಲಿ ಬರುವ ಮೇಷ್ಟ್ರೂ ಅವರೇ. (ಸಿನಿಮಾ ಅವರಿಗೆ ಒಂಚೂರೂ ಹಿಡಿಸಲಿಲ್ಲ, ಅದು ಬೇರೆ ಮಾತು.)

1912ರಲ್ಲಿ ಆಗಿನ ಬ್ರಿಟಿಷ್ ಗಯಾನಾದ ಜಾರ್ಜ್‌ಟೌನಿನಲ್ಲಿ ಹುಟ್ಟಿದ ಕಪ್ಪು ಜನಾಂಗದವರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಸೇರಿ ಪೈಲಟ್ ಆದರು. ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜಿನಲ್ಲಿ ಭೌತಶಾಸ್ತ್ರ ಓದಿದರು, ನಿನ್ನದೇ ವಿಷಯ. ಸಮವಸ್ತ್ರ ಮೈಮೇಲೆ ಇದ್ದಷ್ಟು ದಿನ ಮೈಬಣ್ಣ ಅಡ್ಡ ಬರಲಿಲ್ಲ ಅನ್ನುತ್ತಾರೆ. ಅದನ್ನು ಕಳಚಿಟ್ಟು ಕೆಲಸ ಹುಡುಕಲು ಹೊರಟರೆ ಅರ್ಜಿ ನೋಡಿ ಕರೆದವರು ಮುಖ ನೋಡಿ ವಾಪಸ್ ಕಳಿಸಿದರು. ಯಾವ ದೇಶಕ್ಕಾಗಿ ಪ್ರಾಣ ಒತ್ತೆ ಇಟ್ಟಿದ್ದರೋ ಅದೇ ದೇಶದಲ್ಲಿ. ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಸಿಕ್ಕಿದ ಅಪರಿಚಿತ ಮುದುಕರೊಬ್ಬರು ‘ಮೇಷ್ಟ್ರ ಕೆಲಸಕ್ಕೆ ಯಾಕೆ ಪ್ರಯತ್ನಿಸಬಾರದು’ ಅಂದದ್ದರಿಂದ ಆ ಕಡೆ ತಿರುಗಿದರು. ಮಕ್ಕಳ ಮೇಲಿನ ಪ್ರೀತಿಯಿಂದ ಹೋದದ್ದಲ್ಲ, ಗತಿಯಿಲ್ಲದೆ ಹೋದದ್ದು. ನಿನ್ನ ಹಾಗೇ.

ಸಿಕ್ಕಿದ್ದು ಲಂಡನ್ನಿನ ಈಸ್ಟ್ ಎಂಡ್‌ನ ಒಂದು ಶಾಲೆ. ಬಾಂಬು ಬಿದ್ದು ಹಾಳಾದ ಬಡವರ ಕೇರಿಗಳು. ವರ್ಷ ಕಳೆದರೆ ಶಾಲೆ ಬಿಟ್ಟು ದುಡಿಯಲು ಹೋಗುವ ಹುಡುಗ ಹುಡುಗಿಯರು. ಬಾಯಿ ತೆರೆದರೆ ಬೈಗುಳ. ಬ್ರೇತ್‌ವೇಟ್‌ಗೆ ಅವರನ್ನು ಕಂಡರೆ ಅಸಹ್ಯ. ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಪುಸ್ತಕದ ಉದ್ದಕ್ಕೂ ತಮ್ಮನ್ನು ತಾವು ತುಸು ಹೆಚ್ಚೇ ಮೆಚ್ಚಿಕೊಂಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ, ಆದರೆ ಈ ಒಂದು ವಿಷಯದಲ್ಲಿ ಪ್ರಾಮಾಣಿಕರು. ಕೆಲಸ ಕೊಡದ ಕಂಪನಿಗಳ ಮೇಲಿನ ಸಿಟ್ಟು ಆ ಮಕ್ಕಳ ಮೇಲೆ ತಿರುಗಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಒಂದು ದಿನ ಹುಡುಗಿಯರ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿಯೂ ಬಿಟ್ಟರು.

ಹಾಗೆ ಕೂಗಾಡಿದ ಮೇಲೆ ಅವರು ಮಾಡಿದ್ದನ್ನು ಗಮನಿಸು. ಇವರು ಇನ್ನು ಸ್ವಲ್ಪ ದಿನಕ್ಕೆ ದೊಡ್ಡವರಾಗುತ್ತಾರೆ, ಈಗಿನಿಂದಲೇ ದೊಡ್ಡವರ ಹಾಗೆ ಮಾತಾಡಿಸೋಣ ಅಂತ ನಿರ್ಧರಿಸಿದರು. ಹುಡುಗಿಯರನ್ನು ‘ಮಿಸ್’ ಸೇರಿಸಿ ಕರೆಯುವುದು, ತಮ್ಮನ್ನು ಅವರು ‘ಸರ್’ ಅನ್ನುವುದು. ಯಾವ ವಿಷಯ ಕೇಳಿದರೂ ಮುಚ್ಚುಮರೆಯಿಲ್ಲದ ಉತ್ತರ. ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ಯಾರೂ ಒಂದೇ ದಿನದಲ್ಲಿ ಬದಲಾಗಲಿಲ್ಲ. ಒಬ್ಬ ಹುಡುಗನಂತೂ ಬಾಕ್ಸಿಂಗ್ ನೆಪದಲ್ಲಿ ಮೇಷ್ಟ್ರಿಗೇ ಏಟು ಕೊಡಲು ನೋಡಿದ.

ನೀನೂ ಮರ್ಯಾದೆಯನ್ನು ಮೊದಲು ನಿನ್ನ ಕಡೆಯಿಂದಲೇ ಶುರುಮಾಡು. ಮಕ್ಕಳಿಂದ ಬರಲಿ ಅಂತ ಕಾದು ಕೂತರೆ ಮಾರ್ಚ್ ಬಂದಿರುತ್ತದೆ. ಕೆಲಸ ಕೊಡದವರ ಮೇಲೆ ಸಿಟ್ಟಿರಲಿ, ಅದು ನ್ಯಾಯವೇ. ಆದರೆ ಎಂಟನೇ ಕ್ಲಾಸಿನ ಮಕ್ಕಳು ನಿನ್ನ ಅರ್ಜಿ ತಿರಸ್ಕರಿಸಿಲ್ಲ.

ಬ್ರೇತ್‌ವೇಟ್ ಮುಂದೆ ಬಿಳಿಯರಲ್ಲದ ಮಕ್ಕಳಿಗೆ ಸಾಕುಮನೆ ಹುಡುಕಿಕೊಡುವ ಕೆಲಸ ಮಾಡಿದರು, ಸ್ವತಂತ್ರ ಗಯಾನಾದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯಲ್ಲಿ ಕೂತರು. 2016ರಲ್ಲಿ ತೀರಿಕೊಂಡಾಗ 104 ವರ್ಷ. ಆದರೂ ಜನ ನೆನೆದದ್ದು ಆ ಶಾಲೆಯ ಮೇಷ್ಟ್ರನ್ನೇ.

ಆ ಹೆಸರಿನಲ್ಲಿ ಅರ್ಧ ಪಾಲು ಅಲ್ಲಿನ ಹೆಡ್‌ಮಾಸ್ಟರ್ ಅಲೆಕ್ಸ್ ಬ್ಲೂಮ್ ಅವರಿಗೆ ಸೇರಬೇಕು ಅನ್ನುವವನು ನಾನು. ಅವರ ಶಾಲೆಯಲ್ಲಿ ಬೆತ್ತ ಇರಲಿಲ್ಲ, ಬಹುಮಾನವೂ ಇರಲಿಲ್ಲ. ವಾರಕ್ಕೊಮ್ಮೆ ಮಕ್ಕಳು ಪಾಠ ಹೇಗಿತ್ತು, ಮೇಷ್ಟ್ರು ಹೇಗೆ ನಡೆದುಕೊಂಡರು ಅಂತ ಮನಸ್ಸಿಗೆ ಬಂದದ್ದನ್ನು ಬರೆದುಕೊಡುತ್ತಿದ್ದರು. ಅದಕ್ಕಾಗಿ ಯಾರಿಗೂ ಶಿಕ್ಷೆಯಿಲ್ಲ. ನಿನ್ನ ಶಾಲೆಯಲ್ಲಿ ಬೆತ್ತ, ಬಹುಮಾನ ನಿನ್ನ ಕೈಯಲ್ಲಿಲ್ಲ, ಹೀಗೆ ಬರೆಸುವುದು ಇದೆ. ಒಂದು ಶನಿವಾರ ಬೆಲ್ ಹೊಡೆಯುವ ಮುಂಚೆ ಅರ್ಧ ಹಾಳೆ ಕೊಟ್ಟು ಬರೆಸಿ ನೋಡು. ಹೆಸರು ಬೇಡ ಅನ್ನು. ಓದಿ ಮೈ ಉರಿದರೆ ಸೋಮವಾರ ಕ್ಲಾಸಿಗೆ ಹೋಗುವ ಮುಂಚೆ ನನಗೊಂದು ಫೋನ್ ಮಾಡು.