ನರ್ಸಿಂಗ್ ಹೋಮಿನ ಆರೈಕೆ ಹೇಗಿದೆ? ನೀವೇ ನೋಡಿ ತಿಳಿಯಿರಿ

ಲಕ್ವ ಹೊಡೆದವರು, ತೊಡೆಯ ಮೂಳೆ ಮುರಿದವರು, ಮರೆವಿನ ಕಾಯಿಲೆಯವರು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮನೆಯವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಸಿಸ್ಟರ್, ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ನರ್ಸಿಂಗ್ ಹೋಮಿನಲ್ಲಿ ಬಿಡಬಹುದೇ?" ಬಿಡಬಹುದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ನೋಡಿ ಬಿಡಬೇಕು, ಬಿಟ್ಟ ಮೇಲೂ ನೋಡುತ್ತಿರಬೇಕು.

ಹೊಳೆಯುವ ನೆಲ, ಟಿ.ವಿ., ಎ.ಸಿ. ನೋಡಿ ಆರೈಕೆಯನ್ನು ಅಳೆಯಲಾಗದು. ಮಾತು ನಿಂತ ರೋಗಿ ತನ್ನ ಕಷ್ಟವನ್ನು ಹೇಳಿಕೊಳ್ಳಲಾರರು. ಅವರ ಪರವಾಗಿ ಅವರ ಚರ್ಮ, ತೂಕ, ನಾಲಿಗೆ, ಉಗುರುಗಳೇ ಹೇಳುತ್ತವೆ. ಅದನ್ನು ಓದುವುದನ್ನು ನೀವು ಕಲಿಯಬೇಕು.

1. ಸೇರಿಸುವ ಮೊದಲು ಕೇಳಿ

ಚಿಕಿತ್ಸೆ ನೀಡುವ ಖಾಸಗಿ ನರ್ಸಿಂಗ್ ಹೋಮುಗಳು 2007 ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ಇರಬೇಕು. ದರಪಟ್ಟಿಯನ್ನೂ ಪ್ರಕಟಿಸಿರಬೇಕು. ಹೊರಗೆ ವೃದ್ಧಾಶ್ರಮವೆಂದು ಬೋರ್ಡ್ ಹಾಕಿ, ಒಳಗೆ ಇಂಜೆಕ್ಷನ್ ಮತ್ತು ಕೊಳವೆ ಆಹಾರ ಕೊಡುತ್ತಿದ್ದರೆ, ಯಾವ ನೋಂದಣಿಯ ಮೇಲೆ ಎಂದು ವಿಚಾರಿಸಿ.

ಮುಖ್ಯವಾದ ಪ್ರಶ್ನೆ ರಾತ್ರಿಯದು. "ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ಜನ ಇರುತ್ತೀರಿ? ಅವರಲ್ಲಿ ನರ್ಸಿಂಗ್ ಕಲಿತು ನೋಂದಣಿಯಾದವರು ಎಷ್ಟು? ಉಸಿರಾಟದ ತೊಂದರೆಯಾದರೆ ಯಾವ ವೈದ್ಯರಿಗೆ ಫೋನ್ ಮಾಡುತ್ತೀರಿ, ಯಾವ ಆಸ್ಪತ್ರೆಗೆ ಒಯ್ಯುತ್ತೀರಿ?" ಇದಕ್ಕೆ ನೇರ ಉತ್ತರ ಸಿಗದಿದ್ದರೆ ಬೇರೆ ಕಡೆ ನೋಡುವುದು ಒಳ್ಳೆಯದು.

2. ಚರ್ಮ ನೋಡಿ

ಶುಶ್ರೂಷೆಯ ಗುಣಮಟ್ಟಕ್ಕೆ ಹಾಸಿಗೆ ಹುಣ್ಣಿನಂಥ ಕನ್ನಡಿ ಮತ್ತೊಂದಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದಾಗ ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿ, ಅಲ್ಲಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಹಾನಿ ಆರಂಭವಾಗಬಹುದು. ಹುಣ್ಣು ಆಳವಾಗಿ ಮೂಳೆಯವರೆಗೆ ಹೋದರೆ, ನಂಜು ರಕ್ತಕ್ಕೆ ಸೇರಿ ಪ್ರಾಣಕ್ಕೇ ಅಪಾಯ. ಹುಣ್ಣಾಗಲು ಒಂದು ರಾತ್ರಿ ಸಾಕು. ಮಾಯಲು ತಿಂಗಳುಗಳು ಬೇಕು.

ನೋಡಬೇಕಾದ ಜಾಗಗಳು: ಸೊಂಟದ ಕೆಳಗಿನ ಬೆನ್ನೆಲುಬಿನ ತುದಿ, ಪೃಷ್ಠದ ಎರಡೂ ಬದಿ, ಹಿಮ್ಮಡಿ, ಕಾಲಿನ ಗಿಣ್ಣು, ಭುಜದ ಹಲಗೆ, ತಲೆಯ ಹಿಂಭಾಗ. ಕೆಂಪಾಗಿರುವ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಬಿಳಿಚದಿದ್ದರೆ ಹುಣ್ಣಿನ ಮೊದಲ ಹಂತ ಎಂದು ತಿಳಿಯಿರಿ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು. ಆಗ ಸುತ್ತಲಿನದಕ್ಕಿಂತ ಹೆಚ್ಚು ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅಂಥ ಜಾಗವನ್ನು ತಿಕ್ಕಬಾರದು.

ತಾವಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಗಾಳಿ ಹಾಸಿಗೆ ಇದ್ದರೂ ಹೊರಳಿಸಲೇಬೇಕು. ಹೊರಳಿಸಿದ ಸಮಯವನ್ನು ಬರೆದಿಡುವ ಪಟ್ಟಿಯನ್ನು ತೋರಿಸಲು ಕೇಳಿ. ಬೆಳಿಗ್ಗೆ 10 ಕ್ಕೆ ನೋಡಿದಾಗ ಮಧ್ಯಾಹ್ನ 2 ರ ಸಹಿಯೂ ಆಗಿದ್ದರೆ, ಅದು ಪೆನ್ನು ಮಾಡಿದ ಕೆಲಸ, ಕೈ ಮಾಡಿದ್ದಲ್ಲ.

ಇನ್ನೊಂದು ಮಾತು. ಸೇರಿಸುವ ದಿನವೇ ಅಲ್ಲಿಯ ದಾದಿಯೊಂದಿಗೆ ರೋಗಿಯ ಮೈಯನ್ನೆಲ್ಲ ನೋಡಿ, ಮೊದಲೇ ಇದ್ದ ಗಾಯಗಳನ್ನು ಬರೆಸಿ. ಇದು ನಿಮಗೂ ನ್ಯಾಯ, ಅವರಿಗೂ ನ್ಯಾಯ.

3. ಊಟ, ನೀರು, ತೂಕ

ಊಟದ ಹೊತ್ತಿಗೆ ಹೋಗಿ ನೋಡಿ. ತಟ್ಟೆ ಇಟ್ಟು ಹೋಗುತ್ತಾರೋ, ಕೂರಿಸಿ ತಿನ್ನಿಸುತ್ತಾರೋ? ಮಲಗಿದಂತೆಯೇ ತಿನ್ನಿಸಿದರೆ ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಮೂಗಿನ ಕೊಳವೆಯಿಂದ ಆಹಾರ ಕೊಡುವಾಗ ತಲೆಯ ಭಾಗ ಎತ್ತರದಲ್ಲಿರಬೇಕು. ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೆಯೇ ಇರಿಸಬೇಕು.

ನೀರಿನ ಲೋಟ ರೋಗಿಯ ಕೈಗೆ ಎಟುಕುವಂತಿದೆಯೇ? ಹಾಸಿಗೆ ಒದ್ದೆಯಾದರೆ ಬೈಯುತ್ತಾರೆಂದು ಹೆದರಿ ನೀರು ಕುಡಿಯದ ಹಿರಿಯರಿದ್ದಾರೆ. ನಾಲಿಗೆ ಒಣಗಿದ್ದು, ಮೂತ್ರ ಕಡು ಹಳದಿಯಾಗಿದ್ದರೆ ವಿಚಾರಿಸಿ. ತಿಂಗಳಿಗೊಮ್ಮೆಯಾದರೂ ತೂಕ ನೋಡಿಸಿ. 60 ಕಿಲೋ ಇದ್ದವರು ಒಂದೇ ತಿಂಗಳಲ್ಲಿ 3 ಕಿಲೋ ಇಳಿದರೆ ಅದನ್ನು ವಯಸ್ಸಿನ ಮೇಲೆ ಹಾಕದೆ ವೈದ್ಯರಿಗೆ ತಿಳಿಸಿ.

4. ಸೋಂಕು ತಡೆ

ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರ ಬಳಿ ಹೋಗುವ ಮುನ್ನ ಸಿಬ್ಬಂದಿ ಕೈ ಶುಚಿ ಮಾಡಿಕೊಳ್ಳಬೇಕು. ಅದೇ ಗ್ಲೌಸಿನಲ್ಲಿ ಸಾಲಾಗಿ ಹೋದರೆ ರೋಗವನ್ನು ಹಂಚಿದಂತೆ. ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. "ಈ ಕೊಳವೆ ಇನ್ನೂ ಬೇಕೇ?" ಎಂದು ಆಗಾಗ ಕೇಳಿ.

5. ಔಷಧಿ ಮತ್ತು ಮರ್ಯಾದೆ

ಯಾವ ಮಾತ್ರೆ ಯಾವ ಹೊತ್ತಿಗೆ ಕೊಟ್ಟರು ಎಂಬ ದಾಖಲೆ ಇರಬೇಕು. ಯಾವಾಗ ಹೋದರೂ ರೋಗಿ ನಿದ್ದೆಯಲ್ಲೇ ಇದ್ದರೆ, ನಿದ್ದೆ ಬರಿಸುವ ಔಷಧಿ ಕೊಡುತ್ತಿದ್ದಾರೆಯೇ, ಯಾವ ವೈದ್ಯರು ಬರೆದರು ಎಂದು ಕೇಳಿ. ಎಚ್ಚರ ತಪ್ಪುವಂತಿದ್ದರೆ ತಕ್ಷಣ ವೈದ್ಯರನ್ನು ಕರೆಸಿ. ಕೈ ಕಟ್ಟಿದ ಗುರುತು ಕಂಡರೂ ಕಾರಣ ಕೇಳಿ. ಸಿಬ್ಬಂದಿ ಕಡಿಮೆ ಎಂಬುದು ಕಟ್ಟಿಹಾಕಲು ಕಾರಣವಲ್ಲ.

ಮೈ ಒರೆಸುವಾಗ ಪರದೆ ಎಳೆಯುತ್ತಾರೆಯೇ? ಹೆಸರು ಹಿಡಿದು, "ಅಜ್ಜಾ", "ಅಮ್ಮಾ" ಎಂದು ಮಾತಾಡಿಸುತ್ತಾರೆಯೇ? ಕರೆಗಂಟೆಗೆ ಯಾರಾದರೂ ಬರುತ್ತಾರೆಯೇ? ಇವೂ ಚಿಕಿತ್ಸೆಯ ಭಾಗಗಳೇ.

6. ಹೇಳಲು ಹೆದರಬೇಡಿ

"ನಾವು ದೂರಿದರೆ ನಮ್ಮವರನ್ನು ಸರಿಯಾಗಿ ನೋಡುವುದಿಲ್ಲವೇನೋ" ಎಂಬ ಹೆದರಿಕೆಯಿಂದ ಅನೇಕರು ಸುಮ್ಮನಿರುತ್ತಾರೆ. ಆದರೆ ಬಂದು ಕೇಳುವವರಿರುವ ರೋಗಿಯ ಕಡೆಗೆ ಸಿಬ್ಬಂದಿಯ ಗಮನ ಹೆಚ್ಚು. ವಾರದಲ್ಲಿ ಎರಡು ಸಲ, ಬೇರೆ ಬೇರೆ ಹೊತ್ತಿನಲ್ಲಿ, ಮುಂಚೆ ತಿಳಿಸದೆ ಹೋಗಿ. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ ಹಾಕಿ, ಕಂಡದ್ದನ್ನು ಬರೆದಿಡಿ. ಮೊದಲು ಜವಾಬ್ದಾರಿ ಹೊತ್ತ ದಾದಿಗೆ ಸೌಮ್ಯವಾಗಿ ಹೇಳಿ. ಸರಿಹೋಗದಿದ್ದರೆ ಆಡಳಿತದವರಿಗೆ ಬರೆದು ಕೊಡಿ. ಆಗಲೂ ಆಗದಿದ್ದರೆ, ನೋಂದಾಯಿತ ಸಂಸ್ಥೆಗಳ ಬಗ್ಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567 ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಚೆನ್ನಾಗಿ ನೋಡಿಕೊಂಡ ದಾದಿಗೆ ಅದನ್ನೂ ಹೇಳಿ. ಒಳ್ಳೆಯ ಮಾತು ಕೇಳಿದವರಿಗೆ ರಾತ್ರಿ ಪಾಳಿಯಲ್ಲಿ ಅದು ಬಲ ಕೊಡುತ್ತದೆ.

ಬಿಡುಗಡೆಗೆ ಮುನ್ನ ನಮ್ಮ ವಾರ್ಡಿನ ಸಿಸ್ಟರನ್ನು ಕೇಳಿರಿ. ಚರ್ಮ ನೋಡುವ ಕ್ರಮ, ಮಗ್ಗುಲು ಬದಲಿಸುವ ರೀತಿ, ಕೂರಿಸಿ ತಿನ್ನಿಸುವ ವಿಧಾನವನ್ನು ನಿಮ್ಮ ರೋಗಿಯ ಹಾಸಿಗೆಯ ಬಳಿಯೇ ತೋರಿಸಿಕೊಡುತ್ತೇವೆ. ಒಮ್ಮೆ ನಿಮ್ಮ ಕೈಯಿಂದಲೇ ಮಾಡಿ ನೋಡಿ. ತಾನು ಮಾಡಿ ಬಲ್ಲವರಿಗೆ ಬೇರೆಯವರು ಮಾಡಿದ್ದರ ಸರಿತಪ್ಪು ಬೇಗ ತಿಳಿಯುತ್ತದೆ.