ಯಂತ್ರದಡಿ ಸಿಕ್ಕಿ ಗಾಯಗೊಂಡರೆ: ಆಸ್ಪತ್ರೆಯ ಚೀಟಿಯಿಂದ ಪರಿಹಾರದ ಅರ್ಜಿಯವರೆಗೆ

ಸೈಟಿನಲ್ಲಿ ಜೆಸಿಬಿ ಹಿಂದಕ್ಕೆ ಬರುವಾಗ ಕೂಲಿಕಾರನ ಕಾಲು ಚಕ್ರದಡಿ ಸಿಗುತ್ತದೆ. ಮೇಸ್ತ್ರಿ ಆಟೊ ಹಿಡಿದು ಆಸ್ಪತ್ರೆಗೆ ಒಯ್ಯುತ್ತಾನೆ, ಖರ್ಚಿಗೆ ಒಂದಿಷ್ಟು ದುಡ್ಡೂ ಕೊಡುತ್ತಾನೆ. ಆದರೆ ಚೀಟಿ ಬರೆಸುವಾಗ ‘ಬೈಕಿನಿಂದ ಬಿದ್ದ’ ಎಂದುಬಿಡುತ್ತಾನೆ. ನೋವಿನಲ್ಲಿರುವವನಿಗೆ ಅದು ಕೇಳಿಸುವುದೂ ಇಲ್ಲ. ಮುಂದೆ ವರ್ಷಗಟ್ಟಲೆ ಎಳೆಯುವ ಕೇಸು ಆ ಒಂದು ಸಾಲಿನಲ್ಲೇ ಸೋತುಹೋಗಬಹುದು. ಹಾಗಾಗಿ ಕಾನೂನಿನ ಕೆಲಸ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲೇ.

ಹಂತ 1: ವೈದ್ಯರಿಗೆ ನಿಜ ಹೇಳಿ
ಯಾವ ಜಾಗ, ಯಾರ ಕೆಲಸ, ಯಾವ ಯಂತ್ರ, ಎಷ್ಟು ಹೊತ್ತಿಗೆ ಎಂಬುದನ್ನು ನೀವೇ ಹೇಳಿ. ಮಾತಾಡಲು ಆಗದಿದ್ದರೆ ಮನೆಯವರು ಹೇಳಲಿ. ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ಎಂದು ದಾಖಲಿಸಲು ಕೇಳಿ. ಆಗ ಆಸ್ಪತ್ರೆಯಿಂದಲೇ ಪೊಲೀಸರಿಗೆ ಸುದ್ದಿ ಹೋಗುತ್ತದೆ. ಡಿಸ್ಚಾರ್ಜ್ ಪತ್ರ, ಎಕ್ಸ್‌ರೇ, ಔಷಧಿ ಬಿಲ್ಲು ಯಾವುದನ್ನೂ ಬಿಸಾಡಬೇಡಿ. ಚಿಕಿತ್ಸೆಗೆ ಆದ ಖರ್ಚನ್ನು ಪರಿಹಾರದ ಹಣವಲ್ಲದೆ ಪ್ರತ್ಯೇಕವಾಗಿ ಮಾಲೀಕ ಕೊಡಬೇಕು.

ಹಂತ 2: ದೂರು ಕೊಡಿ
ಹೆಂಡತಿ, ಅಣ್ಣ, ಜೊತೆಯಲ್ಲಿದ್ದ ಕೆಲಸಗಾರ, ಯಾರು ಬೇಕಾದರೂ ಠಾಣೆಗೆ ಹೋಗಿ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಯಂತ್ರದ ನಂಬರ್ ಪ್ಲೇಟು, ಮಾಲೀಕನ ಹೆಸರು, ಆಪರೇಟರ್ ಹೆಸರು ದೂರಿನಲ್ಲಿರಲಿ. ಯಂತ್ರವನ್ನು ಅಲ್ಲಿಂದ ಸಾಗಿಸುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಹಂತ 3: ಅಲ್ಲೇ ದುಡಿಯುತ್ತಿದ್ದಿರಿ ಎಂಬುದಕ್ಕೆ ಪುರಾವೆ
‘ಇವನು ನಮ್ಮ ಆಳೇ ಅಲ್ಲ’ ಎಂಬ ಮಾತು ಬಂದೇ ಬರುತ್ತದೆ. ಹಾಜರಿ ಪುಸ್ತಕದ ಫೋಟೊ, ಗೇಟ್ ಪಾಸು, ಬಟವಾಡೆ ಫೋನ್‌ಪೇಯಲ್ಲಿ ಬಂದಿದ್ದರೆ ಅದರ ದಾಖಲೆ, ಮೇಸ್ತ್ರಿ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, ಇಬ್ಬರು ಜೊತೆಗಾರರ ಹೆಸರು ಮತ್ತು ಊರು ಇಟ್ಟುಕೊಳ್ಳಿ. ಅಪಘಾತವಾಯಿತೆಂದು ಮಾಲೀಕನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಹಾಕಿ. ಸಣ್ಣ ಗುತ್ತಿಗೆದಾರ ಊರು ಬಿಟ್ಟರೂ ಕಂಗೆಡಬೇಡಿ. ತನ್ನ ವ್ಯವಹಾರದ ಕೆಲಸವನ್ನೇ ಗುತ್ತಿಗೆಗೆ ಕೊಟ್ಟ ಬಿಲ್ಡರ್ ಅಥವಾ ಕಂಪನಿಯಿಂದಲೂ ಪರಿಹಾರ ಕೇಳಬಹುದು.

ಹಂತ 4: ಇಎಸ್‌ಐ ಇದೆಯೇ ನೋಡಿ
ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಆ ಕಚೇರಿಯೇ ನಿಮ್ಮ ದಾರಿ. ಮಾಲೀಕನಿಂದ ಅದೇ ಗಾಯಕ್ಕೆ ಮತ್ತೆ ಪರಿಹಾರ ಕೇಳಲಾಗದು.

ಹಂತ 5: ಎರಡು ದಾರಿಯಲ್ಲಿ ಒಂದನ್ನು ಆರಿಸಿ
ಇಎಸ್‌ಐ ಇಲ್ಲದವರು ಇಲ್ಲಿ ನಿಧಾನವಾಗಿ ಯೋಚಿಸಬೇಕು. ಮೊದಲ ದಾರಿ ನೌಕರರ ಪರಿಹಾರ. ಇದು 1923ರ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಇಲ್ಲಿ ಮಾಲೀಕನ ತಪ್ಪನ್ನು ಸಾಬೀತು ಮಾಡುವ ಹೊರೆ ನಿಮಗಿಲ್ಲ. ಕೆಲಸ ಮಾಡುವಾಗ, ಕೆಲಸದ ಕಾರಣಕ್ಕೆ ಪೆಟ್ಟಾಯಿತು ಎಂದು ತೋರಿಸಿದರೆ ಸಾಕು. ‘ನಿನ್ನದೇ ಅಜಾಗರೂಕತೆ’ ಎಂದು ಗದರಿಸಿದರೆ ಹೆದರಬೇಡಿ. ಕುಡಿದಿದ್ದದ್ದು ಅಥವಾ ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದದ್ದು ಅಪಘಾತಕ್ಕೆ ನೇರ ಕಾರಣವಾದರೆ ಮಾತ್ರ ಅಡ್ಡಿ; ಸಾವು ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯವಾದಾಗ ಆ ಅಡ್ಡಿಯೂ ಇಲ್ಲ. ಅರ್ಜಿಗೆ 2 ವರ್ಷ ಕಾಲಾವಕಾಶ.

ಎರಡನೆಯದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ನೋಂದಣಿಯಾದ ಜೆಸಿಬಿ, ಟಿಪ್ಪರ್, ಕ್ರೇನ್ ಬಡಿದಿದ್ದರೆ ಈ ದಾರಿ ಇದೆ. ಸಾಮಾನ್ಯವಾಗಿ ಚಾಲಕನ ತಪ್ಪನ್ನು ತೋರಿಸಬೇಕು. ಆದರೆ ನೋವಿಗೆ, ಮುಂದಿನ ಚಿಕಿತ್ಸೆಗೆ ಎಂದು ಬೇರೆ ಬೇರೆ ಲೆಕ್ಕದಲ್ಲಿ ಹಣ ಕೇಳಬಹುದು. 2022ರ ಏಪ್ರಿಲ್‌ನಿಂದ ಇದಕ್ಕೆ ಕಾನೂನು ಇಟ್ಟಿರುವ ಗಡುವು 6 ತಿಂಗಳು. ಎರಡರಲ್ಲೂ ಹಣ ಪಡೆಯುವಂತಿಲ್ಲ. ಆದ್ದರಿಂದ ಮೊದಲ ತಿಂಗಳಲ್ಲೇ ವಕೀಲರನ್ನು ಕಾಣಿ.

ಹಂತ 6: ಲೆಕ್ಕ ನೀವೇ ಹಾಕಿ ನೋಡಿ
30 ವರ್ಷದವರೊಬ್ಬರ ಒಂದು ಕೈ ಹೋಗಿದೆ, ತಿಂಗಳ ಕೂಲಿ 15,000 ರೂಪಾಯಿ ಎನ್ನೋಣ. ನೌಕರರ ಪರಿಹಾರದಲ್ಲಿ ಕೂಲಿಯ ಶೇ. 60, ಅಂದರೆ 9,000. ಅದನ್ನು ಆ ವಯಸ್ಸಿಗೆ ನಿಗದಿಯಾದ 207.98ರಿಂದ ಗುಣಿಸಿದರೆ 18,71,820. ಕೈ ಕಳೆದುಕೊಂಡರೆ ದುಡಿಮೆಯ ಶಕ್ತಿ ಶೇ. 60 ನಷ್ಟ ಎಂದು ಕಾನೂನಿನ ಪಟ್ಟಿಯಲ್ಲಿದೆ. ಹಾಗಾಗಿ 11,23,092 ರೂಪಾಯಿ.

ಆ ಪಟ್ಟಿಯೇ ಕೊನೆಯ ಮಾತಲ್ಲ. ಎಡಗೈಯನ್ನು ಮೊಣಕೈ ಮೇಲಕ್ಕೆ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ಪೂರ್ತಿ ಎಂಬ ತೀರ್ಮಾನವನ್ನು ಸುಪ್ರೀಂ ಕೋರ್ಟ್ 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಯಂತ್ರ ನಡೆಸುವವರ, ಕಲ್ಲು ಹೊರುವವರ ಪರವಾಗಿಯೂ ಇದೇ ವಾದ ಮಂಡಿಸಬಹುದು. ನಿಮ್ಮ ಕೆಲಸ ಎಂಥದ್ದೆಂದು ವೈದ್ಯರಿಗೆ ಬಿಡಿಸಿ ಹೇಳಿ ಪ್ರಮಾಣಪತ್ರ ಪಡೆಯಿರಿ. ಮಾಲೀಕ ಒಂದು ತಿಂಗಳೊಳಗೆ ಹಣ ಕೊಡದಿದ್ದರೆ ಶೇ. 12 ಬಡ್ಡಿ, ಸಕಾರಣವಿಲ್ಲದೆ ತಡಮಾಡಿದ್ದರೆ ಪರಿಹಾರದ ಶೇ. 50ರವರೆಗೆ ದಂಡವೂ ಬೀಳಬಹುದು.

ಹಂತ 7: ಛಾಪಾ ಕಾಗದಕ್ಕೆ ಸಹಿ ಬೇಡ
50,000 ಕೈಗಿಟ್ಟು ‘ಮುಂದೆ ಏನೂ ಕೇಳುವುದಿಲ್ಲ’ ಎಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯ. ಹಕ್ಕು ಬಿಟ್ಟುಕೊಡುವ ಇಂಥ ಕರಾರಿಗೆ ಕಾನೂನಿನ ಬೆಲೆಯಿಲ್ಲ. ಈಗಾಗಲೇ ಸಹಿ ಹಾಕಿದವರೂ ಅರ್ಜಿ ಹಾಕಬಹುದು. ಸಾವಾಗಿದ್ದರೆ ಪರಿಹಾರದ ಹಣವನ್ನು ಮಾಲೀಕ ನೌಕರರ ಪರಿಹಾರದ ಅರ್ಜಿ ವಿಚಾರಿಸುವ ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು.

ಹಂತ 8: ಅರ್ಜಿ ಎಲ್ಲಿ
ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದ್ದವರು ಅಲ್ಲಿಯೂ ಅಪಘಾತ ನೆರವಿಗೆ ಅರ್ಜಿ ಹಾಕಿ. ಅದು ಮಾಲೀಕ ಕೊಡಬೇಕಾದ ಪರಿಹಾರಕ್ಕೆ ಬದಲಿಯಲ್ಲ. ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಗುಳೆ ಹೋದವರು ಕೇಸಿಗಾಗಿ ಬೆಂಗಳೂರಿಗೆ ಓಡಾಡಬೇಕಿಲ್ಲ. ನೀವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಪರಿಹಾರದ ಅರ್ಜಿ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ. ವಕೀಲರ ಶುಲ್ಕಕ್ಕೆ ಹಣವಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಆಸ್ಪತ್ರೆಯ ಕಾಗದಗಳೊಂದಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ ಉಚಿತ ವಕೀಲರನ್ನು ಕೇಳಿ.